ಆಸ್ಪತ್ರೆಯ ಹಾದಿಯಲ್ಲಿ ಜೊತೆಗೊಬ್ಬರು

ಕ್ಯಾನ್ಸರ್ ಎಂಬ ಸುದ್ದಿ ಒಂದು ಮನೆಯನ್ನು ಹೊಕ್ಕೊಡನೆ ಬಂಧುಬಳಗದವರೆಲ್ಲ ಹಣ್ಣುಹಂಪಲು ಹಿಡಿದು ಬಾಗಿಲಿಗೆ ಬರುವುದುಂಟು. ಮೊದಲ ವಾರ ಪಡಸಾಲೆಯಲ್ಲಿ ಕುಳಿತುಕೊಳ್ಳಲು ಜಾಗವಿರದು. ಬಂದವರಿಗೆಲ್ಲ ಚಹಾ ಕಾಸಿ ಕೊಡುವುದರಲ್ಲಿಯೇ ಸೊಸೆಯ ಹೊತ್ತು ಹೋಗುತ್ತದೆ. ಮೂರನೆಯ ತಿಂಗಳು ಬರುವ ವೇಳೆಗೆ, ಐದನೆಯ ಸಲವೋ ಆರನೆಯ ಸಲವೋ ಆಸ್ಪತ್ರೆಗೆ ಹೊರಟು ನಿಂತಾಗ, ರೋಗಿಯ ಕೈಚೀಲ ಹಿಡಿಯಲು ಹೆಂಡತಿಯನ್ನೋ ಒಬ್ಬ ಮಗನನ್ನೋ ಬಿಟ್ಟರೆ ಮತ್ತಾರೂ ಇರುವುದಿಲ್ಲ. ಆ ಮಗನಿಗಾದರೂ ಹೊಲದಲ್ಲಿ ಬಿತ್ತನೆಯ ಹೊತ್ತು, ಇಲ್ಲವೇ ಕಚೇರಿಯಲ್ಲಿ ರಜೆ ಮುಗಿದ ಹೊತ್ತು. ‘ಈ ಸಲ ಬೇಡ, ಮುಂದಿನ ತಿಂಗಳು ಹೋಗೋಣ’ ಎಂಬ ಮಾತು ಆ ಮನೆಯಲ್ಲಿ ಹುಟ್ಟುವುದು ಆಗಲೇ. ಆ ಮಾತಿಗೆ ಎಡೆಗೊಡದಂತೆ ನಾವು, ಅಂದರೆ ನೆಂಟರು, ನೆರೆಹೊರೆಯವರು, ಸಮಾಜದವರು, ಏನು ಮಾಡಬಹುದು ಎಂಬುದೇ ಈ ಲೇಖನದ ವಿಷಯ.

ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಎಂಬುದು ಸಣ್ಣ ಸಂಗತಿಯಲ್ಲ. ರಕ್ತನಾಳದ ಮೂಲಕ ಔಷಧಿ ಕೊಡುವ ಕೀಮೋಥೆರಪಿಯನ್ನು ಬಹುತೇಕ ಎರಡು ಅಥವಾ ಮೂರು ವಾರಗಳಿಗೊಮ್ಮೆ, ಹಲವು ಸುತ್ತುಗಳಲ್ಲಿ ಕೊಡುತ್ತಾರೆ. ಸ್ತನದ ಕ್ಯಾನ್ಸರಿನಲ್ಲಿ ಆರರಿಂದ ಎಂಟು ಸುತ್ತು ಸಾಮಾನ್ಯ. ಜನ ‘ಕರೆಂಟ್ ಕೊಡುವುದು’ ಎಂದು ಕರೆಯುವ ವಿಕಿರಣ ಚಿಕಿತ್ಸೆಯು ವಾರಕ್ಕೆ ಐದು ದಿನದಂತೆ ಬಾಯಿ-ಗಂಟಲಿನ ಕ್ಯಾನ್ಸರಿಗೆ ಆರು, ಏಳು ವಾರ ನಡೆಯುತ್ತದೆ. ಗರ್ಭಕೊರಳಿನ ಕ್ಯಾನ್ಸರಿಗೆ ಸುಮಾರು ಐದು ವಾರ, ಅದರ ಮೇಲೆ ಒಳಗಿನಿಂದ ಕೊಡುವ ವಿಕಿರಣದ ಕೆಲವು ಸರದಿಗಳು. ಈ ಎರಡು ರೋಗಗಳಲ್ಲಿ ನಡುವೆ ದಿನಗಳು ತಪ್ಪಿ ಚಿಕಿತ್ಸೆ ಎಳೆದಾಡಿದರೆ ಗುಣವಾಗುವ ಸಾಧ್ಯತೆಯೇ ಕುಗ್ಗುತ್ತದೆ. ಉಳಿದ ಕೋಶಗಳು ಆ ಬಿಡುವಿನಲ್ಲಿ ಮತ್ತೆ ಬೆಳೆಯತೊಡಗುತ್ತವೆ. ಆದುದರಿಂದ ರೋಗಿಯನ್ನು ನಿಗದಿಯಾದ ದಿನ ನಿಗದಿಯಾದ ಸ್ಥಳಕ್ಕೆ ತಲುಪಿಸುವುದು ಔಷಧಿಯಷ್ಟೇ ಮುಖ್ಯವಾದ ಕೆಲಸ. ಇದಕ್ಕೆ ವೈದ್ಯರಾಗಬೇಕಿಲ್ಲ. ಹೆಚ್ಚು ಓದಿರಬೇಕೆಂದೂ ಇಲ್ಲ.

ಹೋಗಿ ಬರುವ ಭಾರ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಅಂದಿನಿಂದ ಬೀದರ, ಕಲಬುರಗಿ, ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದು ಬೆಳಗಿನ ಜಾವ ಅಲ್ಲಿ ಸರದಿಯಲ್ಲಿ ನಿಲ್ಲುವ ನಮ್ಮವರ ಸಾಲು ಕರಗಿದ್ದೇ ಇಲ್ಲ. ಕಲಬುರಗಿಯಲ್ಲಿ ಕಿದ್ವಾಯಿಯ ಶಾಖಾ ಕೇಂದ್ರವಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಗಡಿಯ ಜಿಲ್ಲೆಗಳವರು 1941ರಲ್ಲಿ ತೆರೆದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಕಡೆ ಮುಖ ಮಾಡುವುದೂ ಉಂಟು. ದೊಡ್ಡ ಊರಿಗೇ ಹೋಗಬೇಕೆಂಬ ಹಟ ಎಲ್ಲ ವೇಳೆಯಲ್ಲಿಯೂ ಒಳ್ಳೆಯದಲ್ಲ ಎಂದು ನಮಗೆ ಅನಿಸುತ್ತದೆ. ರೋಗನಿರ್ಣಯವನ್ನೂ ಚಿಕಿತ್ಸೆಯ ಯೋಜನೆಯನ್ನೂ ದೊಡ್ಡ ಸಂಸ್ಥೆಯಲ್ಲಿ ಮಾಡಿಸಿ, ಮುಂದಿನ ಸುತ್ತುಗಳನ್ನು ಮನೆಗೆ ಹತ್ತಿರದ ಕೇಂದ್ರದಲ್ಲಿ ಪಡೆಯಲು ಸಾಧ್ಯವೇ ಎಂದು ವೈದ್ಯರನ್ನು ನೇರವಾಗಿ ಕೇಳಬೇಕು. ಅನೇಕ ಕುಟುಂಬಗಳು ಸಂಕೋಚದಿಂದ ಈ ಪ್ರಶ್ನೆಯನ್ನೇ ಕೇಳುವುದಿಲ್ಲ.

ಪ್ರಯಾಣದ ವೆಚ್ಚದ ಬಗೆಗೆ ಒಂದೆರಡು ವಿಷಯಗಳು ಬಹಳ ಜನರಿಗೆ ತಿಳಿದಿಲ್ಲ. ಚಿಕಿತ್ಸೆಗಾಗಿಯೋ ಮರುತಪಾಸಣೆಗಾಗಿಯೋ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿಯೂ ಮೂರು ಹಂತದ ಹವಾನಿಯಂತ್ರಿತ ದರ್ಜೆಯಲ್ಲಿಯೂ ಮೂಲದರ ಪೂರ್ತಿ ಮಾಫಿ. ಜೊತೆಗೆ ಹೋಗುವವರೊಬ್ಬರಿಗೆ ನೂರಕ್ಕೆ 75ರಷ್ಟು ರಿಯಾಯಿತಿ. ಆಸ್ಪತ್ರೆಯಲ್ಲಿ ವೈದ್ಯರ ಸಹಿ, ಮೊಹರು ಹಾಕಿಸಿದ ನಿಗದಿತ ನಮೂನೆಯನ್ನು ಟಿಕೆಟ್ ಕಾಯ್ದಿರಿಸುವಲ್ಲಿ ಒಪ್ಪಿಸಬೇಕು. ರಾಣಿ ಚೆನ್ನಮ್ಮ, ಗೋಲಗುಂಬಜ್, ಉದ್ಯಾನ ಎಕ್ಸ್‌ಪ್ರೆಸ್‌ಗಳಲ್ಲಿ ಮಲಗಿಕೊಂಡು ಬರುವ ರೋಗಿಗೂ, ಬಸ್ಸಿನ ಆಸನದಲ್ಲಿ ಹತ್ತು-ಹನ್ನೆರಡು ಗಂಟೆ ಕುಳಿತು ಬರುವ ರೋಗಿಗೂ ಮರುದಿನದ ಚೈತನ್ಯದಲ್ಲಿ ಬಹಳ ವ್ಯತ್ಯಾಸವಿರುತ್ತದೆ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಮಹಿಳೆಯರಿಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿರುವುದರಿಂದ, ತಾಯಿಯ ಜೊತೆ ಮಗಳೋ ಅತ್ತೆಯ ಜೊತೆ ಸೊಸೆಯೋ ಹತ್ತಿರದ ಆಸ್ಪತ್ರೆಗೆ ಹೋಗಿ ಬರಲು ಈಗ ಹಣದ ಚಿಂತೆ ಕಡಿಮೆ.

ಚಿಕಿತ್ಸೆಯ ಖರ್ಚಿಗೆ ಸಂಬಂಧಿಸಿದಂತೆ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ಎಲ್ಲರೂ ತಿಳಿದಿರಬೇಕು. ಬಡತನ ರೇಖೆಗಿಂತ ಕೆಳಗಿನ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ. ಉಳಿದವರಿಗೆ ನಿಗದಿತ ದರದ ನೂರಕ್ಕೆ 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಹಣ ಕಟ್ಟಿ ಆದ ಮೇಲೆ ಯೋಜನೆಯನ್ನು ನೆನೆದು ಓಡಾಡುವುದಕ್ಕಿಂತ, ಮೊದಲ ದಿನವೇ ಪಡಿತರ ಚೀಟಿ, ಆಧಾರ್ ಚೀಟಿಗಳನ್ನು ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣುವುದು ಲೇಸು. ಮುಖ್ಯಮಂತ್ರಿಗಳ ಹಾಗೂ ಪ್ರಧಾನಮಂತ್ರಿಗಳ ಪರಿಹಾರ ನಿಧಿಗಳಿಗೆ ಬರೆದುಕೊಳ್ಳುವುದಾದರೆ ಆಸ್ಪತ್ರೆಯವರು ಕೊಡುವ ಅಂದಾಜು ವೆಚ್ಚದ ಪತ್ರ ಬೇಕು. ಈ ಕಾಗದಪತ್ರಗಳ ಓಡಾಟವೇ ರೋಗಿಯ ಮನೆಯವರನ್ನು ಹಣ್ಣುಗಾಯಿ ಮಾಡಿಬಿಡುತ್ತದೆ. ಊರಿನಲ್ಲಿ ಒಬ್ಬ ನಿವೃತ್ತ ಗುಮಾಸ್ತರೋ ಮಾಸ್ತರರೋ ಇದ್ದರೆ, ‘ಕಾಗದದ ಕೆಲಸ ನನ್ನದು, ನೀವು ಊಟ ಮಾಡಿರಿ’ ಎಂದು ಹೇಳಿದರೆ ಸಾಕು. ಆ ಒಂದು ಮಾತು ಬುಟ್ಟಿ ತುಂಬ ತಂದ ಸೇಬಿಗಿಂತ ದೊಡ್ಡದು.

ಇನ್ನು ತಂಗುವ ಮಾತು. ಕಿದ್ವಾಯಿಯ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿಕೊಟ್ಟ ಧರ್ಮಶಾಲೆಯಿದೆ. ಮುಂಬಯಿಯ ದಾದರಿನಲ್ಲಿ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಟಾಟಾ ಆಸ್ಪತ್ರೆಗೆ ಬರುವ ಬಡ ರೋಗಿಗಳಿಗೆ ನೆರಳಾಗಿದೆ. ಆದರೂ ಆರು ವಾರ ದಿನಾಲೂ ವಿಕಿರಣ ಪಡೆಯಬೇಕಾದವರೆಲ್ಲರಿಗೂ ಧರ್ಮಶಾಲೆಯಲ್ಲಿ ಜಾಗ ಸಿಗುವುದೆಂದು ನಂಬಿ ಹೊರಡುವಂತಿಲ್ಲ. ನಮ್ಮ ಸಮಾಜಕ್ಕೆ ಇಲ್ಲಿ ಒಂದು ಹಳೆಯ ದಾರಿ ಗೊತ್ತಿದೆ. ಹಳ್ಳಿಯ ಹುಡುಗರು ಪಟ್ಟಣಕ್ಕೆ ಓದಲು ಬಂದಾಗ ಅವರಿಗೆ ಅನ್ನ, ವಸತಿ ಬೇಕೆಂದು ನಮ್ಮ ಹಿರಿಯರು ಉಚಿತ ಪ್ರಸಾದ ನಿಲಯಗಳನ್ನು ತೆರೆದರು. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು (1907–2019) ಸಾವಿರಾರು ಮಕ್ಕಳಿಗೆ ಜಾತಿಮತ ಕೇಳದೆ ಅನ್ನವಿಕ್ಕಿದರು. ಅಂದು ವಿದ್ಯಾರ್ಥಿಗೆ ಬೇಕಾಗಿದ್ದ ಅದೇ ಎರಡು ವಸ್ತುಗಳು ಇಂದು ಪಟ್ಟಣಕ್ಕೆ ಬಂದ ರೋಗಿಗೆ ಬೇಕು. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಗಳಲ್ಲಿರುವ ನಮ್ಮ ಮಠ, ಸಂಘ, ವಿದ್ಯಾರ್ಥಿ ನಿಲಯಗಳು ನಾಲ್ಕೈದು ಕೋಣೆಗಳನ್ನು, ಒಂದು ಸಣ್ಣ ಅಡಿಗೆ ಮನೆಯನ್ನು ಚಿಕಿತ್ಸೆಗೆ ಬಂದವರಿಗೆಂದೇ ಮೀಸಲಿಟ್ಟರೆ ಎಷ್ಟು ಮನೆಗಳ ಚಿಕಿತ್ಸೆ ನಡುವೆ ನಿಲ್ಲುವುದು ತಪ್ಪೀತು! ಕಲ್ಯಾಣ ಮಂಟಪಗಳಿಗೆ ತೊಡಿಸುವ ಅಮೃತಶಿಲೆಯಲ್ಲಿ ಸ್ವಲ್ಪ ಉಳಿಸಿದರೂ ಇದು ಸಾಧ್ಯ ಎಂದರೆ ಹಿರಿಯರು ಕೋಪಿಸಿಕೊಳ್ಳಲಾರರೆಂದು ನಂಬಿದ್ದೇವೆ.

ಅಡಿಗೆ ಮನೆಯಲ್ಲಿ

ಕೀಮೋಥೆರಪಿಯ ಔಷಧಿ ಬೇಗ ಬೇಗ ಬೆಳೆಯುವ ಕೋಶಗಳ ಮೇಲೆ ಎರಗುತ್ತದೆ. ಕ್ಯಾನ್ಸರಿನ ಕೋಶಗಳ ಜೊತೆಗೆ ಬಾಯಿಯ ಒಳಪೊರೆ, ಕರುಳಿನ ಒಳಪೊರೆ, ಕೂದಲಿನ ಬೇರು, ರಕ್ತ ಹುಟ್ಟುವ ಮಜ್ಜೆ, ಇವೂ ಪೆಟ್ಟು ತಿನ್ನುತ್ತವೆ. ವಾಂತಿ, ಬಾಯಿಹುಣ್ಣು, ಕೂದಲು ಉದುರುವುದು, ಸುಸ್ತು ಎಲ್ಲವೂ ಬರುವುದು ಇದರಿಂದ. ಇದನ್ನು ಮನೆಯವರು ಮೊದಲೇ ತಿಳಿದಿದ್ದರೆ ‘ಔಷಧಿ ಮೈಗೆ ಒಗ್ಗಲಿಲ್ಲ, ಬಿಟ್ಟುಬಿಡೋಣ’ ಎಂಬ ಅವಸರದ ತೀರ್ಮಾನಕ್ಕೆ ಬರುವುದಿಲ್ಲ. ವಾಂತಿ ತಡೆಯುವ ಗುಳಿಗೆಗಳನ್ನು ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ನುಂಗಬೇಕು. ವಾಂತಿ ಶುರುವಾಗಲಿ, ಆಮೇಲೆ ನೋಡೋಣ ಎಂದು ಕಾಯಬಾರದು.

ಒಂದೇ ಹೊತ್ತಿಗೆ ತಟ್ಟೆ ತುಂಬ ಬಡಿಸಿ ‘ಉಣ್ಣು, ಉಣ್ಣು’ ಎಂದು ಒತ್ತಾಯಿಸುವುದು ನಮ್ಮ ತಾಯಂದಿರ ಪ್ರೀತಿಯ ರೂಢಿ. ಈ ರೋಗಿಗೆ ಅದು ಶಿಕ್ಷೆ. ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಬೇಕು. ಅಡಿಗೆಯ ವಾಸನೆಗೇ ಹೊಟ್ಟೆ ತೊಳಸುವುದಾದರೆ ಒಗ್ಗರಣೆಯ ಘಾಟಿನಿಂದ ದೂರ ಕೂರಿಸಿ, ಆರಿದ ಪದಾರ್ಥ ಕೊಡಬಹುದು. ಬಾಯಿಹುಣ್ಣಾದವರಿಗೆ ಖಾರದ ಚಟ್ನಿ, ಗಟ್ಟಿ ರೊಟ್ಟಿ ಬೇಡ; ಜೋಳದ ನುಚ್ಚು, ರಾಗಿ ಗಂಜಿ, ಮೆತ್ತಗಿನ ಹೆಸರುಬೇಳೆಯ ಅನ್ನ, ಕಾಯಿಸಿದ ಹಾಲು ಸುಲಭವಾಗಿ ಇಳಿಯುತ್ತವೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡಿಗೆ ಸೋಡ ಕದಡಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿ ಉಗುಳಿದರೆ ನೋವು ತಗ್ಗುತ್ತದೆ. ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ಬೇಳೆ, ಬೇಯಿಸಿದ ಕಾಳು, ಹಾಲು, ಪನೀರು, ಶೇಂಗಾ ಇವುಗಳಿಂದ ಮೈಗೆ ಬೇಕಾದ ಪುಷ್ಟಿ ಹೊಂದಿಸಬಹುದು. ಸಕ್ಕರೆ ತಿಂದರೆ ಗಡ್ಡೆ ಬೆಳೆಯುತ್ತದೆ, ಹಾಲು ಬಿಡಿ, ಅನ್ನ ಬಿಡಿ ಎಂದು ಹೇಳುವವರು ಬಹಳ. ಮಧುಮೇಹವಿರುವವರ ಪಥ್ಯ ಬೇರೆ. ಉಳಿದವರು ಇಂಥ ಮಾತು ಕೇಳಿ ಒಂದೊಂದೇ ಬಿಡುತ್ತ ಹೋದರೆ ತೂಕ ಇಳಿಯುತ್ತದೆ, ತೂಕ ಇಳಿದವರಿಗೆ ಮುಂದಿನ ಸುತ್ತು ಕೊಡಲು ವೈದ್ಯರೇ ಹಿಂಜರಿಯುತ್ತಾರೆ. ಶ್ರಾವಣ ಸೋಮವಾರದ ಉಪವಾಸವನ್ನೂ ಈ ತಿಂಗಳುಗಳಲ್ಲಿ ಕೈಬಿಡುವುದು ಒಳಿತು. ದೇಹವೇ ದೇವಾಲಯವೆಂದು ನಂಬಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿಳಿ ರಕ್ತಕಣಗಳು ಔಷಧಿ ಕೊಟ್ಟ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಹಳ ಕೆಳಗಿಳಿಯುತ್ತವೆ. ಆ ದಿನಗಳಲ್ಲಿ ಹಸಿ ಕೋಸಂಬರಿ, ಹಸಿ ಮೊಳಕೆ ಕಾಳು, ಬೀದಿಯ ತಿನಿಸು, ಹಿಂದಿನ ದಿನದ ಅಡಿಗೆ ಕೂಡದು. ಪೂಜೆಯ ತೀರ್ಥಕ್ಕೂ ಕುದಿಸಿ ಆರಿಸಿದ ನೀರನ್ನೇ ಬಳಸಿರಿ. ಜಾತ್ರೆ, ಮದುವೆಗಳ ಗುಂಪಿನಿಂದ ರೋಗಿ ದೂರವಿರಲಿ. ನೆಗಡಿಯಾದ ನೆಂಟರು ಆ ವಾರ ಬಾರದಿರುವುದೇ ಅವರು ಮಾಡಬಹುದಾದ ಉಪಕಾರ. ಮೈ ಬಿಸಿ 100.4 ಡಿಗ್ರಿ ಮುಟ್ಟಿತೆಂದರೆ ಅದು ನಡುರಾತ್ರಿಯಾದರೂ ಸರಿ, ಜ್ವರದ ಗುಳಿಗೆ ನುಂಗಿಸಿ ಬೆಳಗಾಗಲೆಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಚಿಕಿತ್ಸೆಯ ಕಡತವನ್ನು ತೋರಿಸಿ, ಕಡೆಯ ಸಲ ಕೀಮೋ ಕೊಟ್ಟ ದಿನಾಂಕ ಹೇಳಬೇಕು. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಆ ವಾರ ಯಾರ ಮನೆಯ ವಾಹನ ಕರೆದೊಡನೆ ಬರುವುದೆಂದು ಮೊದಲೇ ಗೊತ್ತುಮಾಡಿಕೊಂಡಿರಿ. ಅಕ್ಕಪಕ್ಕದ ಮನೆಯವರು ನಿಜವಾಗಿ ಜೀವ ಉಳಿಸಬಹುದಾದ ರಾತ್ರಿಗಳು ಇವು.

ಲಿಂಗಧಾರಣೆಯ ಪ್ರಶ್ನೆ

ಬಾಯಿಬಿಟ್ಟು ಕೇಳಲು ಸಂಕೋಚಪಡುವ ಒಂದು ಸಂದೇಹ ನಮ್ಮ ಮನೆಗಳಲ್ಲಿದೆ. ಎದೆಗೋ ಕೊರಳಿಗೋ ವಿಕಿರಣ ಕೊಡುವಾಗ, ಎಂ.ಆರ್.ಐ. ಪರೀಕ್ಷೆಯ ವೇಳೆ, ಶಸ್ತ್ರಚಿಕಿತ್ಸೆಯ ಕೋಣೆಗೆ ಒಯ್ಯುವಾಗ ಮೈಮೇಲಿನ ಲೋಹದ ವಸ್ತುಗಳನ್ನೆಲ್ಲ ತೆಗೆಯಲು ಹೇಳುತ್ತಾರೆ. ಬೆಳ್ಳಿಯ ಕರಡಿಗೆಯೊಡನೆ ಇಷ್ಟಲಿಂಗವೂ ಅಗಲಬೇಕಲ್ಲ ಎಂದು ವಯಸ್ಸಾದ ತಾಯಂದಿರು ಕಣ್ಣೀರಿಡುವುದುಂಟು. ಇದನ್ನು ಹಿಂದಿನ ದಿನವೇ ಅಲ್ಲಿನ ಸಿಬ್ಬಂದಿಯೊಡನೆ ಮಾತನಾಡಿಕೊಳ್ಳಬೇಕು. ಕರಡಿಗೆಯನ್ನು ಬಿಟ್ಟು, ಶುಭ್ರವಾದ ಬಟ್ಟೆಯಲ್ಲಿ ಲಿಂಗವನ್ನು ಸುತ್ತಿ ಚಿಕಿತ್ಸೆಯ ಭಾಗಕ್ಕೆ ದೂರವಾದ ತೋಳಿಗೆ ಕಟ್ಟಿಕೊಳ್ಳಬಹುದೇ ಎಂದು ಕೇಳಿರಿ. ಅವರು ಆಗದೆಂದರೆ ಮನೆಯವರೊಬ್ಬರು ಅದನ್ನು ಅಂಗೈಯಲ್ಲಿ ಹಿಡಿದು ಬಾಗಿಲ ಹೊರಗೆ ಕುಳಿತಿರಲಿ. ಕೆಲವು ನಿಮಿಷದ ಅಗಲಿಕೆಗೆ ಅಂಜಿ ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುವುದು ನಮಗೆ ಸರಿಯೆನಿಸದು. ಮನಸ್ಸು ಒಪ್ಪದಿದ್ದರೆ ತಮ್ಮ ಗುರುಗಳನ್ನು ಒಂದು ಮಾತು ಕೇಳಿಕೊಂಡು ಹೊರಡಿರಿ. ಚಿಕಿತ್ಸೆಯ ಮೇಜಿನ ಮೇಲೆ ಮನಸ್ಸು ನಿರಾಳವಾಗಿರುವುದು ಮುಖ್ಯ.

ವಿಭೂತಿಯ ವಿಷಯವೂ ಹೀಗೆಯೇ. ವಿಕಿರಣ ಬೀಳುವ ಜಾಗದ ಚರ್ಮ ಬಿಸಿಲಿಗೆ ಸುಟ್ಟಂತೆ ಕಪ್ಪಾಗಿ ನವಿರಾಗುತ್ತದೆ. ಅಲ್ಲಿ ಎಣ್ಣೆ, ಅರಿಶಿನ, ಪೌಡರು, ವಿಭೂತಿ ಏನನ್ನೂ ಹಚ್ಚಬಾರದು. ಅಲ್ಲಿ ಎಳೆದಿರುವ ಬಣ್ಣದ ಗುರುತುಗಳನ್ನು ಉಜ್ಜಿ ತೊಳೆಯಲೂಬಾರದು. ಎದೆಗೆ ಚಿಕಿತ್ಸೆಯಿದ್ದವರು ಹಣೆಗೆ ವಿಭೂತಿ ಧರಿಸಲು ಅಡ್ಡಿಯೇನಿಲ್ಲ. ಹೊರಗಿನಿಂದ ಕೊಡುವ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮನೆಗೆ ಬಂದ ಅಜ್ಜನ ಮಡಿಲಲ್ಲಿ ಮೊಮ್ಮಗ ಧಾರಾಳವಾಗಿ ಕೂರಬಹುದು.

ಆಡುವ ಮಾತು, ಆಡದ ಮಾತು

ಕ್ಯಾನ್ಸರ್ ಅಂಟುರೋಗವಲ್ಲ. ಹೀಗಿದ್ದರೂ ರೋಗಿಯ ತಟ್ಟೆ-ಲೋಟ ಬೇರೆ ಇಡುವ ಮನೆಗಳು ಇಂದಿಗೂ ಇವೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ತಾಯಿಯ ರೋಗವನ್ನು ಮುಚ್ಚಿಟ್ಟು, ಆಸ್ಪತ್ರೆಯ ದಿನವನ್ನು ‘ತವರಿಗೆ ಹೋಗಿದ್ದಾಳೆ’ ಎಂದು ಹೇಳಿಕೊಳ್ಳುವವರೂ ಇದ್ದಾರೆ. ಹೀಗೆ ಮುಚ್ಚಿಟ್ಟ ಮನೆಗೆ ನೆರವಾಗುವುದಾದರೂ ಹೇಗೆ? ಹೆಣ್ಣು ನೋಡಲು ಹೋದಾಗ ಇಂಥ ಪ್ರಶ್ನೆಗಳನ್ನು ಕೆದಕುವವರು ನಾವೇ ಆಗಿರುವುದರಿಂದ, ಈ ಮುಚ್ಚುಮರೆಯಲ್ಲಿ ನಮ್ಮೆಲ್ಲರ ಪಾಲೂ ಇದೆ. ‘ಯಾವ ಜನ್ಮದ ಪಾಪವೋ’ ಎಂದು ರೋಗಿಯ ಕಿವಿಗೆ ಬೀಳುವಂತೆ ನಿಟ್ಟುಸಿರು ಬಿಡುವವರನ್ನು ಕಂಡಾಗಲಂತೂ ನಮಗೆ ತೀರ ಬೇಸರವಾಗುತ್ತದೆ. ಶರಣರ ಹಾದಿಯವರೆನ್ನುವ ನಾವು ಇನ್ನೊಬ್ಬರ ಜನ್ಮಾಂತರದ ಲೆಕ್ಕ ಬರೆಯುವುದು ಯಾವ ನ್ಯಾಯ? ತಂಬಾಕು, ಗುಟ್ಕಾ ಅಗಿಯುತ್ತಿದ್ದವರಿಗೆ ಬಾಯಿಯ ಕ್ಯಾನ್ಸರ್ ಬಂದಾಗ ‘ಅಂದೇ ಹೇಳಿದ್ದೆ’ ಎನ್ನುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಆ ಬುದ್ಧಿಯನ್ನು ಮನೆಯ ಹರೆಯದ ಹುಡುಗರಿಗೆ ಹೇಳಿದರೆ ಉಪಯೋಗವಾದೀತು.

ರೋಗಿಗೆ ರೋಗದ ಹೆಸರು ಹೇಳಬೇಕೋ ಬೇಡವೋ ಎಂಬುದು ಪ್ರತಿ ಮನೆಯಲ್ಲಿಯೂ ನಡೆಯುವ ಜಗ್ಗಾಟ. ಮಕ್ಕಳು ವೈದ್ಯರ ಕೈ ಹಿಡಿದು ‘ಅಪ್ಪನಿಗೆ ಹೇಳಬೇಡಿ’ ಎಂದು ಬೇಡಿಕೊಳ್ಳುತ್ತಾರೆ. ಅಪ್ಪನೋ ಕ್ಯಾನ್ಸರ್ ಆಸ್ಪತ್ರೆಯ ಫಲಕವನ್ನು ಓದಿಕೊಂಡೇ ಒಳಗೆ ಬಂದಿರುತ್ತಾನೆ. ಮಕ್ಕಳು ನೊಂದಾರೆಂದು ತಾನೂ ಸುಮ್ಮನಿರುತ್ತಾನೆ. ಒಂದೇ ಕೋಣೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ತಿಳಿಯದವರಂತೆ ನಟಿಸುವುದಕ್ಕಿಂತ ದೊಡ್ಡ ದಣಿವು ಇನ್ನೊಂದಿಲ್ಲ. ರೋಗಿ ಎಷ್ಟು ತಿಳಿಯಬಯಸುತ್ತಾರೋ ಅಷ್ಟನ್ನು, ಅವರು ಕೇಳಿದ ಹೊತ್ತಿನಲ್ಲಿ, ಮೆಲ್ಲಗೆ ನಿಜವಾಗಿ ಹೇಳುವುದೇ ಸರಿಯೆಂದು ನಮ್ಮ ಅಭಿಪ್ರಾಯ. ಆರು ತಿಂಗಳ ಕಷ್ಟವನ್ನು ಏತಕ್ಕಾಗಿ ಸಹಿಸುತ್ತಿದ್ದೇನೆಂದು ತಿಳಿದವರು ಅದನ್ನು ನಡುವೆ ಬಿಟ್ಟು ಏಳುವುದು ಕಡಿಮೆ.

ಕೂದಲಿನ ಸಂಕಟವನ್ನು ಹಗುರವಾಗಿ ಕಾಣಬಾರದು. ಎಲ್ಲ ಔಷಧಿಗಳಿಂದಲೂ ಕೂದಲು ಹೋಗುವುದಿಲ್ಲ. ಹೋಗುವುದಾದರೆ ಮೊದಲ ಸುತ್ತಿನ ಎರಡು-ಮೂರು ವಾರಗಳಲ್ಲಿ ಉದುರತೊಡಗುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಬೋಳಾದ ತಲೆಯೆಂದರೆ ಒಳಗೆಲ್ಲೋ ಅಮಂಗಳದ ಭಯ. ಮೊದಲೇ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡರೆ ತಲೆದಿಂಬಿನ ಮೇಲೆ ಗೊಂಚಲು ಗೊಂಚಲಾಗಿ ಕಾಣುವ ಆಘಾತ ತಪ್ಪುತ್ತದೆ. ಸೆರಗು, ಹತ್ತಿಯ ವಸ್ತ್ರ, ಟೋಪಿ ಯಾವುದೂ ಆದೀತು. ಚಿಕಿತ್ಸೆ ಮುಗಿದ ಕೆಲವು ತಿಂಗಳಿಗೆ ಕೂದಲು ಮತ್ತೆ ಬರುತ್ತದೆ. ಸ್ತನದ ಶಸ್ತ್ರಚಿಕಿತ್ಸೆಯಾದ ಹೆಂಡತಿ ಗಂಡನ ಮುಖವನ್ನೇ ನೋಡುತ್ತಿರುತ್ತಾಳೆ. ಅಲ್ಲಿ ಅವಳಿಗೆ ಕಾಣುವುದು ಯಾವ ಸಮಾಧಾನದ ಮಾತಿಗಿಂತಲೂ ಆಳಕ್ಕೆ ಇಳಿಯುತ್ತದೆ. ಇಂಥ ಸಂಗತಿಗಳನ್ನು ತಾನೇ ಅನುಭವಿಸಿ ಬರೆದ ಲೇಖಕಿ ಬಿ.ವಿ. ಭಾರತಿಯವರ ‘ಸಾಸಿವೆ ತಂದವಳು’ ಕೃತಿಯನ್ನು ರೋಗಿಗಳಿಗಿಂತ ಮೊದಲು ಮನೆಯ ಗಂಡಸರು ಓದಬೇಕೆಂದು ನಾವು ಹೇಳುತ್ತೇವೆ.

ಆರೈಕೆ ಮಾಡುವವರನ್ನು ನೋಡಿಕೊಳ್ಳುವವರಾರು? ಅತ್ತೆಯ ವಾಂತಿ ಬಳಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಬಂದವರಿಗೆ ಬಡಿಸಿ, ರಾತ್ರಿ ಮತ್ತೆ ಎದ್ದು ಕೂರುವ ಸೊಸೆಯ ಮೈ ಹೇಗಿದೆಯೆಂದು ಯಾರೂ ಕೇಳುವುದಿಲ್ಲ. ವಾರಕ್ಕೆ ಎರಡು ದಿನ ನಾದಿನಿ ಬಂದು ನಿಂತರೆ, ಪಕ್ಕದ ಮನೆಯವರು ಒಂದು ಹೊತ್ತಿನ ರೊಟ್ಟಿ ಬಡಿದು ಕಳಿಸಿದರೆ ಅವಳು ನಿದ್ದೆ ಮಾಡಿಯಾಳು. ‘ಏನಾದರೂ ಬೇಕಿದ್ದರೆ ಹೇಳವ್ವ’ ಎಂದು ಹೋಗುವವರಿಗೆ ಅವಳು ಎಂದೂ ಹೇಳುವುದಿಲ್ಲ. ‘ಗುರುವಾರ ನಾನು ಬರುತ್ತೇನೆ, ನೀನು ಮಲಗು’ ಎನ್ನುವವರು ಬೇಕು.

ಎಲ್ಲರೂ ಗುಣವಾಗುವುದಿಲ್ಲವೆಂಬುದನ್ನೂ ಬರೆಯಲೇಬೇಕು. ಇನ್ನು ಔಷಧಿಯಿಂದ ಗಡ್ಡೆ ಕರಗದು ಎಂದು ವೈದ್ಯರು ಹೇಳಿದ ಮೇಲೆಯೂ ನೋವನ್ನು ಕರಗಿಸುವುದು ಸಾಧ್ಯವಿದೆ. ಮಾರ್ಫಿನ್ ಗುಳಿಗೆ ಕೊಟ್ಟರೆ ಚಟ ಹತ್ತೀತೆಂದು ಮನೆಯವರು ಬೇಡವೆನ್ನುತ್ತಾರೆ. ಕ್ಯಾನ್ಸರಿನ ನೋವಿಗೆ ವೈದ್ಯರ ಲೆಕ್ಕದಂತೆ ಕೊಡುವಾಗ ಆ ಭಯಕ್ಕೆ ಹೆಚ್ಚಿನ ಆಧಾರವಿಲ್ಲ. ಬೆಂಗಳೂರಿನ ಮಾರತಹಳ್ಳಿಯ ಬಳಿಯ ‘ಕರುಣಾಶ್ರಯ’ 1999ರಿಂದ ಇಂಥ ರೋಗಿಗಳನ್ನು ಒಂದು ಕಾಸೂ ಪಡೆಯದೆ ನೋಡಿಕೊಳ್ಳುತ್ತಿದೆ. ಅಲ್ಲಿಗೆ ಒಯ್ಯುವುದೆಂದರೆ ತಂದೆತಾಯಿಯನ್ನು ಕೈಬಿಟ್ಟಂತೆ ಎಂಬ ನಾಚಿಕೆ ಬೇಡ. ಮನೆಯಲ್ಲಿ ನರಳಿಸಿ ಇಟ್ಟುಕೊಳ್ಳುವುದನ್ನು ಸೇವೆಯೆಂದು ಕರೆಯಲು ನಮ್ಮ ನಾಲಿಗೆ ಏಳದು.

ಚಿಕಿತ್ಸೆ ಮುಗಿಸಿ ಗುಣಮುಖರಾದವರ ಮನೆಯಲ್ಲಿ ಇನ್ನೊಂದು ಬಗೆಯ ಮರೆವು ಆವರಿಸುತ್ತದೆ. ಮೊದಲ ಎರಡು ವರ್ಷ ಸಾಮಾನ್ಯವಾಗಿ ಎರಡು-ಮೂರು ತಿಂಗಳಿಗೊಮ್ಮೆ, ಅನಂತರ ಅಂತರ ಹೆಚ್ಚಿಸಿ, ವೈದ್ಯರು ಮರುತಪಾಸಣೆಗೆ ಕರೆಯುತ್ತಾರೆ. ಮೈ ಚೆನ್ನಾಗಿದೆಯಲ್ಲ ಎಂದು ಅದನ್ನು ಬಿಡುವುದು ಬೇಡ. ಬಯಾಪ್ಸಿ ವರದಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಔಷಧಿಗಳ ಹೆಸರು ಪ್ರಮಾಣಗಳಿರುವ ಬಿಡುಗಡೆ ಪತ್ರ, ಇವನ್ನೆಲ್ಲ ಒಂದೇ ಕಡತದಲ್ಲಿ ದಿನಾಂಕದ ಕ್ರಮದಲ್ಲಿ ಇಟ್ಟು, ಮಳೆಗಾಲದಲ್ಲಿ ಸೋರದ ಕಡೆ ಇಡಿರಿ. ಮುಂದಿನ ತಪಾಸಣೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತುಹಾಕಿ, ಅದರ ಪಕ್ಕದಲ್ಲಿಯೇ ಆ ದಿನ ಜೊತೆಗೆ ಹೋಗುವವರ ಹೆಸರನ್ನೂ ಈಗಲೇ ಬರೆದಿಡಿರಿ.